ರಾಣಿ ಡಬ್ಬಿಗೆ ಬರೀ ಪಾಲಿಶ್ ಹೊಡೆದರೆ ಸಾಕಾ?

ಮೊದಲೇ ಹೇಳಿಬಿಡ್ತೀನಿ. ನನಗೆ ರಾಜ-ಮಹಾರಾಜರ ಮೇಲೆ ಅಂಥಾ ಮೋಹವೇನೂ ಇಲ್ಲ, ಸಿಟ್ಟೂ ಇಲ್ಲ. ಆದರೆ ರೈಲು ಅಂದರೆ ಜೀವ. ಅದಕ್ಕೆ ಕಾರಣ ನಮ್ಮೂರು ಗುಡಗೇರಿ. ಧಾರವಾಡ ಜಿಲ್ಲೆ, ಕುಂದಗೋಳ ತಾಲೂಕು. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ರೈಲಿನಲ್ಲಿ ಹೊರಟರೆ ಕುಂದಗೋಳ, ಸಂಶಿ ಆದಮೇಲೆ ಎರಿ ಹೊಲದ ನಡುವೆ ಒಂದು ಸಣ್ಣ ಸ್ಟೇಶನ್ನು ಬರುತ್ತಲ್ಲ, ಅದೇ. ಶಿಶುನಾಳ ಶರೀಫರ ಗದ್ದುಗೆಗೆ ಹೋಗುವವರಲ್ಲಿ ಕೆಲವರಿಗೆ ಗೊತ್ತಿರಬಹುದು. ಉಳಿದವರು ಎಕ್ಸ್‌ಪ್ರೆಸ್ಸಿನಲ್ಲಿ ನಿದ್ದೆ ಹೊಡೀತಾ ದಾಟಿಬಿಟ್ಟಿರ್ತೀರಿ, ಬಿಡಿ :-)

ಇವತ್ತಿನ ವಿಷಯ ರಾಜರ ರೈಲು ಡಬ್ಬಿಗಳದ್ದು. (ನೀವು ದಕ್ಷಿಣದವರು ಬೋಗಿ ಅಂತೀರಿ, ನಮಗದು ಡಬ್ಬಿ.) ಹಳೇ ಸಂಸ್ಥಾನಿಕರ ಸಲೂನುಗಳನ್ನು ಉಳಿಸಬೇಕು, ದುರಸ್ತಿ ಮಾಡಬೇಕು, ಜನಕ್ಕೆ ತೋರಿಸಬೇಕು ಅನ್ನೋದರಲ್ಲಿ ನನಗೆ ಎರಡನೇ ಮಾತಿಲ್ಲ. ನನ್ನ ತಕರಾರು ಬೇರೆ. ಉಳಿಸುವ ಹೆಸರಿನಲ್ಲಿ ನಾವು ಹೊಳಪನ್ನು ಉಳಿಸಿಕೊಂಡು ಕಥೆಯನ್ನು ಕಳಕೊಳ್ತಾ ಇದ್ದೀವಿ. ಡಬ್ಬಿ ಕಟ್ಟಿದವರು, ಅದರ ಕೆಳಗಿನ ಹಳಿ ಹಾಸಿದವರು, ಅದೇ ಹಳಿ ಮೇಲೆ ಮೂರನೇ ದರ್ಜೆಯಲ್ಲಿ ನಿಂತು ಹೋದವರು... ಇವರ್ಯಾರೂ ಆ ಹೊಳಪಿನಲ್ಲಿ ಕಾಣೋದಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಮೈಸೂರಿನ ರೈಲು ಮ್ಯೂಸಿಯಂ. ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗಿದೆ. 1977ರಲ್ಲಿ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಶುರುವಾಯ್ತು, ಅದಾದ ಎರಡೇ ವರ್ಷಕ್ಕೆ, 1979ರಲ್ಲಿ, ಮೈಸೂರಿನದು. ಅಲ್ಲಿನ ಶ್ರೀರಂಗ ಪೆವಿಲಿಯನ್‌ನಲ್ಲಿ ಮೈಸೂರು ಅರಮನೆಯ ಡಬ್ಬಿಗಳಿವೆ. ಎಲ್ಲರೂ ಮುಗಿಬಿದ್ದು ನೋಡೋದು 1899ರ ಮಹಾರಾಣಿ ಸಲೂನು. ಅಡುಗೆಮನೆ, ಊಟದ ಕೋಣೆ, ಶೌಚಾಲಯ, ಎಲ್ಲಾ ಡಬ್ಬಿಯೊಳಗೇ. ಮಹಾರಾಜರ ಇನ್ನೊಂದು ಸಲೂನು ದೆಹಲಿಯ ಮ್ಯೂಸಿಯಂನಲ್ಲಿದೆ. ಅದರ ಜರತಾರಿ ಬಟ್ಟೆಯ ಕುರ್ಚಿ, ಬೀಟೆ ಮಂಚದ ವರ್ಣನೆಯನ್ನು ಪ್ರವಾಸಿ ಪುಸ್ತಕಗಳಲ್ಲಿ ಓದಿರ್ತೀರಿ. ಅದರ ನೆರೆಹೊರೆಯಲ್ಲೇ 1875ರ ಪ್ರಿನ್ಸ್ ಆಫ್ ವೇಲ್ಸ್ ಸಲೂನು, ಬರೋಡಾ, ಇಂದೋರ್ ಮಹಾರಾಜರ ಸಲೂನುಗಳು ಕೂಡ ಇವೆ.

ಇವನ್ನೆಲ್ಲ ನೋಡಿ ಬಂದವರನ್ನು "ಹೆಂಗಿತ್ರೀ?" ಅಂತ ಕೇಳಿ ನೋಡಿ. "ಅಬ್ಬಾ, ಏನು ವೈಭವ!" ಅಂತಾರೆ. ಅಷ್ಟಕ್ಕೇ ಮುಗೀತು. ಆ ಮಹಾರಾಣಿ ಯಾರು ಅಂತ ಕೇಳಿದರೆ ಉತ್ತರ ಇರಲ್ಲ.

1899ರಲ್ಲಿ ಮೈಸೂರಿಗೆ ಪಟ್ಟದಲ್ಲಿ ಕೂತು ಆಳುವ ಮಹಾರಾಜರೇ ಇರಲಿಲ್ಲ. ಹತ್ತನೇ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜರು ಆಗಿನ್ನೂ ಹತ್ತು ವರ್ಷದ ಹುಡುಗ. 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯ ನೋಡಿಕೊಂಡವರು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಅರಮನೆ 1897ರಲ್ಲಿ ಸುಟ್ಟಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಕೂಡ ಅವರ ಕಾಲದಲ್ಲೇ. ಅಂದರೆ 1899ರ ಆ ಡಬ್ಬಿ, ಗಂಡನನ್ನು ಕಳಕೊಂಡು ಪ್ಲೇಗಿನ ಕಾಲದಲ್ಲಿ ರಾಜ್ಯದ ಹೊಣೆ ಹೊತ್ತ ಒಬ್ಬ ಹೆಣ್ಣುಮಗಳ ಕಾಲದ್ದು. ಇಷ್ಟು ತಿಳಿದು ನೋಡಿದರೆ ಅದೇ ಮರ, ಅದೇ ಕಿಟಕಿ ಬೇರೆಯಾಗಿ ಕಾಣಲ್ವಾ? ನನಗಂತೂ ಕಾಣುತ್ತೆ. "ಐಷಾರಾಮಿ ಸಲೂನ್" ಅನ್ನೋ ಎರಡು ಪದದಲ್ಲಿ ಈ ಕಥೆಯೆಲ್ಲಾ ಮುಚ್ಚಿಹೋಗುತ್ತೆ.

ಇನ್ನು ಡಬ್ಬಿಯ ಕೆಳಗಿನ ಹಳಿ. ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಾದಿಗೆ ಮಣ್ಣು ಹೊತ್ತವರು 1876-78ರ ಬರದ ಜನ. ಬರಪರಿಹಾರದ ಕಾಮಗಾರಿ ಅಂತಲೇ ಕೆಲಸ ನಡೆದದ್ದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ರಲ್ಲಿ ಎಣಿಸಿದಾಗ ಉಳಿದದ್ದು 42 ಲಕ್ಷದ ಆಸುಪಾಸು. ಹತ್ತು ವರ್ಷದಲ್ಲಿ ಬೆಳೀಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿದಿತ್ತು! ಆ ಹಾದಿ 1882ರಲ್ಲಿ ಮೈಸೂರು ಮುಟ್ಟಿತು.

ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ಅದೇ ಬರ ಧಾರವಾಡ, ಬಿಜಾಪುರ ಸೀಮೆಯನ್ನೂ ಹಿಂಡಿತ್ತು. ಆಮೇಲೆ ಬ್ರಿಟಿಷ್ ಸರ್ಕಾರ ಬರದ ಆಯೋಗ ಮಾಡಿ, ಬರ ಬಿದ್ದಾಗ ಕಾಳು ಸಾಗಿಸಲಾದರೂ ರೈಲು ಬೇಕು ಅಂತ ಯೋಚಿಸಿದ್ದರಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೋಟಗಿ-ಗದಗ, ಗದಗ-ಹುಬ್ಬಳ್ಳಿ, ಹುಬ್ಬಳ್ಳಿ-ಹರಿಹರ ಹಾದಿಗಳು ಅದೇ ದಶಕದಲ್ಲಿ ಬಂದವು. ಗುಡಗೇರಿ ಮುಂದಿನ ಹಳಿಯೂ ಅದರದ್ದೇ ಕೂಸು. ಆಗ ಈ ಭಾಗ ಎಷ್ಟು ಚೂರು ಚೂರಾಗಿತ್ತು ಅಂದರೆ, ನಮ್ಮ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, ಈ ಕಡೆ ಲಕ್ಷ್ಮೇಶ್ವರ ಮಿರಜದವರದ್ದು, ಆ ಕಡೆ ಸವಣೂರು ನವಾಬರದ್ದು, ನಡುನಡುವೆ ಬ್ರಿಟಿಷರ ಧಾರವಾಡ ಜಿಲ್ಲೆ. ರೈಲು ಮಾತ್ರ ಯಾರನ್ನೂ ಕೇಳದೆ ಎಲ್ಲರ ಸೀಮೆಯನ್ನೂ ಹೊಲಿದುಕೊಂಡು ಹೋಯ್ತು.

ಹಾಗಾಗಿ ನನಗೆ ಮಹಾರಾಣಿ ಸಲೂನು ಅಂದಾಗ ಅದರ ಜೊತೆ ಆ ಮಣ್ಣಿನ ಬುಟ್ಟಿಗಳೂ ನೆನಪಾಗ್ತವೆ. ಸಲೂನಿನ ಪಕ್ಕ ಬರದ ಬಗ್ಗೆ ನಾಲ್ಕು ಸಾಲು ಬರೆದರೆ ರಾಣಿಯ ಮಾನವೇನೂ ಕಡಿಮೆ ಆಗಲ್ಲ. ನೋಡುವವರ ತಿಳುವಳಿಕೆ ಹೆಚ್ಚಾಗುತ್ತೆ.

ಇನ್ನೊಂದು ಜೋಡಿ ನೋಡಿ. 1899ರ ಸಲೂನಿನಲ್ಲಿ ಶೌಚಾಲಯ ಇತ್ತು ಅಂದೆನಲ್ಲ. ಅದಾಗಿ ಹತ್ತು ವರ್ಷಕ್ಕೆ, 1909ರಲ್ಲಿ, ಓಖಿಲ್ ಚಂದ್ರ ಸೇನ್ ಅನ್ನೋ ಬಂಗಾಳಿ ಪ್ರಯಾಣಿಕ ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಒಂದು ಕಾಗದ ಬರೆದ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು, ಡಬ್ಬಿಯಲ್ಲಿ ಸೌಕರ್ಯ ಇಲ್ಲದೆ ಸ್ಟೇಶನ್ನಿನಲ್ಲಿ ಇಳಿದು ಹೋದರೆ, ಗಾರ್ಡು ಸೀಟಿ ಊದಿಯೇಬಿಟ್ಟ. ಒಂದು ಕೈಯಲ್ಲಿ ಲೋಟಾ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಓಡಿ ಬಿದ್ದ ಕಥೆ ಅದು. ಈಗ ಆ ಕಾಗದ ದೆಹಲಿ ಮ್ಯೂಸಿಯಂನಲ್ಲಿದೆ, ಓದಿದವರೆಲ್ಲ ನಗ್ತಾರೆ. ನಾನೂ ನಕ್ಕಿದ್ದೀನಿ. ಆದರೆ ಸಾಮಾನ್ಯರ ಡಬ್ಬಿಗೆ ಶೌಚಾಲಯ ಬರೋಕೆ ಇಂಥಾ ಕಾಗದಗಳೇ ಬೇಕಾದವು ಅನ್ನೋದು ನಗುವ ಮಾತಲ್ಲ. 1917ರಲ್ಲಿ ಗಾಂಧೀಜಿ ಕೂಡ ಮೂರನೇ ದರ್ಜೆಯ ಗೋಳಿನ ಬಗ್ಗೆ ಬರೆಯಬೇಕಾಯ್ತು. ಮೂರನೇ ದರ್ಜೆ ಅನ್ನೋ ಹೆಸರು ಹೋದದ್ದು 1974ರಲ್ಲಿ.

ರಾಣಿಯ ಸಲೂನನ್ನೂ ಓಖಿಲ್ ಬಾಬುವಿನ ಡಬ್ಬಿಯನ್ನೂ ಅಕ್ಕಪಕ್ಕ ನಿಲ್ಲಿಸಿದರೆ, ಭಾಷಣ ಬೇಕಿಲ್ಲ, ಇತಿಹಾಸ ತಾನೇ ಮಾತಾಡುತ್ತೆ. ಕಷ್ಟ ಏನಪ್ಪಾ ಅಂದರೆ, ಸಲೂನುಗಳು ಉಳಿದಷ್ಟು ಸುಲಭವಾಗಿ ಮೂರನೇ ದರ್ಜೆಯ ಹಳೇ ಕಟ್ಟಿಗೆ ಡಬ್ಬಿಗಳು ಉಳಿಯಲಿಲ್ಲ. ವರ್ಷಕ್ಕೆ ನಾಲ್ಕು ಸಲ ಓಡುವ ಡಬ್ಬಿ ನೂರು ವರ್ಷ ಬಾಳುತ್ತೆ. ದಿನಾ ಓಡುವ ಡಬ್ಬಿ ಸವೆದು ಸೌದೆಯಾಗುತ್ತೆ.

*

ಈಗ ದುರಸ್ತಿಯ ವಿಷಯ. "ಜೀರ್ಣೋದ್ಧಾರ" ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಕಣ್ಣಮುಂದೆ ಬರೋದು ಬಣ್ಣದ ಡಬ್ಬ. ಹಳೇ ಗುಡಿಗೆ ಆಯಿಲ್ ಪೇಂಟು ಹೊಡೀತಾರಲ್ಲ, ಹಾಗೆ.

ಕಟ್ಟಿಗೆ ಡಬ್ಬಿಯ ಕಟ್ಟಡ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ. ಕೆಳಗೆ ಕಬ್ಬಿಣದ ಚೌಕಟ್ಟು, ಅದಕ್ಕೆ ಚಕ್ರ, ಬಫರು, ಕೊಂಡಿ. ಆ ಚೌಕಟ್ಟಿನ ಮೇಲೆ ತೇಗದ (ನಮ್ಮಲ್ಲಿ ಸಾಗವಾನಿ) ದಪ್ಪ ಪಟ್ಟಿಗಳ ಅಸ್ಥಿಪಂಜರ. ಅದಕ್ಕೆ ಒಳಗೂ ಹೊರಗೂ ಹಲಗೆ. ಚಾವಣಿಯ ಹಲಗೆ ಮೇಲೆ ದಪ್ಪ ಬಟ್ಟೆ ಎಳೆದು ಕಟ್ಟಿ, ನೀರು ಇಳಿಯದ ಹಾಗೆ ಬಣ್ಣ ಬಳಿಯೋದು. ಆ ಬಟ್ಟೆ ಒಂದು ಕಡೆ ಹರಿದರೂ ಮಳೆನೀರು ಗೋಡೆಯೊಳಗೇ ಇಳಿದು ಬುಡದ ಪಟ್ಟಿಯಲ್ಲಿ ನಿಲ್ಲುತ್ತೆ. ಹೊರಗೆ ಪಾಲಿಶ್ ಥಳಥಳ, ಒಳಗೆ ಪಟ್ಟಿ ಕೊಳೆತು ಹಿಟ್ಟು. ಅದರ ಹಿಂದೆಯೇ ಒರಲಿ.

ಇದನ್ನೆಲ್ಲ ನಾನು ಕಲಿತದ್ದು ಇಂಜಿನಿಯರಿಂಗ್ ಕಾಲೇಜಿನಲ್ಲಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಿಗತನ ಮಾಡಿ ರಿಟೈರ್ ಆದವರು. ಆ ವರ್ಕ್‌ಶಾಪು 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆ ಕಾಲದಿಂದ ಇದೆ. ಅಲ್ಲಿ ದುಡಿದವರು ಈ ಹಾದಿಯ ಊರೂರಿನಲ್ಲಿ ಸಿಗ್ತಾರೆ. ಹೋದ ಸಲ ಊರಿಗೆ ಹೋದಾಗ ಮೈಸೂರಿನ ಸಲೂನಿನ ಫೋಟೋ ತೋರಿಸಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಕಟಗಿ ಡಬ್ಬಿ ಮ್ಯಾಲಿಂದ ಸಾಯೂದಿಲ್ಲ ತಮ್ಮಾ, ಬುಡದಿಂದ ಸಾಯ್ತದ. ನೀವು ಬಣ್ಣಾ ನೋಡಿ ಚಲೋ ಐತಿ ಅಂತೀರಿ. ನಾವು ಕೆಳಗ ಕುಂತು ಬಡದು ನೋಡತಿದ್ವಿ. ಸಪ್ಪಳ ಪೊಳ್ಳ ಬಂತಂದ್ರ ಮುಗೀತು, ಬಿಚ್ಚಬೇಕು."

"ಇದನ್ನೆಲ್ಲಾ ಎಲ್ಲ್ಯರೆ ಬರದಿಟ್ಟೀರೇನ್ರಿ ಅಜ್ಜಾರ?"

"ಬರಿಯೂದೇನೋ? ಕೈಗೆ ಗೊತ್ತಿರತಿತ್ತು."

ನನ್ನನ್ನ ಹೆದರಿಸಿದ್ದು ಈ ಮಾತೇ. ಅಜ್ಜನಿಗೆ ಎಂಬತ್ತು ದಾಟಿದೆ. ಮೊಳೆ ಹೊಡೆಯದೆ ಮರಕ್ಕೆ ಮರ ಕಚ್ಚಿಸೋದು, ಬಾಗಿಲು ಓಡುವ ರೈಲಿನಲ್ಲಿ ಕಟಕಟ ಅನ್ನದ ಹಾಗೆ ಕೂರಿಸೋದು, ಅರಗಿನ ಫ್ರೆಂಚ್ ಪಾಲಿಶನ್ನು ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತೀಡೋದು, ಇವೆಲ್ಲ ಅವರ ಕೈಯಲ್ಲಿವೆ, ಯಾವ ಪುಸ್ತಕದಲ್ಲೂ ಅಲ್ಲ. 1955ರಲ್ಲಿ ಪೆರಂಬೂರಿನ ಕಾರ್ಖಾನೆ ಶುರುವಾಯ್ತು. ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ಪೂರ್ತಿ ಲೋಹದ ಡಬ್ಬಿ ಮಾಡ್ತಿತ್ತು, 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಆ ಕೆಲಸ ಹೋಯ್ತು. ಉಕ್ಕಿನ ಡಬ್ಬಿ ಬಂದದ್ದು ಒಳ್ಳೇದೇ ಆಯ್ತು. ಅಪಘಾತದಲ್ಲಿ ಕಟ್ಟಿಗೆ ಡಬ್ಬಿ ನುಚ್ಚುನೂರಾಗ್ತಿತ್ತು, ಬೆಂಕಿ ಹತ್ತಿದರೆ ಕೇಳೋದೇ ಬೇಡ. ಆದರೆ ಅದರ ಜೊತೆಗೆ ಕಟ್ಟಿಗೆ ಡಬ್ಬಿ ಗೊತ್ತಿದ್ದ ಕೊನೆಯ ತಲೆಮಾರಿನ ಕೈಗಳೂ ಖಾಲಿ ಆದವು. ಇನ್ನು ಹತ್ತು ವರ್ಷ ಬಿಟ್ಟು ಯಾವುದೋ ಸಲೂನಿನ ಬುಡ ಕೊಳೆತರೆ ಯಾರನ್ನು ಕರೀತೀವಿ? ಪ್ಲೈವುಡ್ಡು, ಫೆವಿಕಾಲ್ ಹಿಡಕೊಂಡು ಬರುವ ಕಂಟ್ರಾಕ್ಟರನ್ನೇ ತಾನೆ?

ಇನ್ನೊಂದು ಪ್ರಶ್ನೆ: ಡಬ್ಬಿಯನ್ನು ಯಾವ ವರ್ಷಕ್ಕೆ ಮರಳಿಸೋದು? ಇದಕ್ಕೆ ಇಂಗ್ಲೆಂಡಿನ ಯಾರ್ಕ್ ಮ್ಯೂಸಿಯಂನಲ್ಲಿರುವ ವಿಕ್ಟೋರಿಯಾ ರಾಣಿಯ ಸಲೂನು ಒಳ್ಳೇ ಪಾಠ. 1869ರಲ್ಲಿ ಕಟ್ಟಿದಾಗ ಅದು ಎರಡು ಬೇರೆ ಬೇರೆ ಡಬ್ಬಿ, ನಡುವೆ ಮಡಿಕೆ ಮಡಿಕೆಯ ದಾರಿ. ಓಡುವ ರೈಲಿನಲ್ಲಿ ಆ ದಾರಿ ದಾಟೋಕೆ ರಾಣಿ ಒಪ್ತಿರಲಿಲ್ಲವಂತೆ, ರೈಲು ನಿಲ್ಲಿಸಬೇಕಿತ್ತಂತೆ! 1895ರಲ್ಲಿ ಎರಡನ್ನೂ ಒಂದೇ ಉದ್ದ ಡಬ್ಬಿಯಾಗಿ ಕೂಡಿಸಿದರು. ಈಗ ಯಾರಾದರೂ "ಮೂಲ ರೂಪಕ್ಕೆ ತರ್ತೀವಿ" ಅಂತ ಅದನ್ನು ಮತ್ತೆ ಎರಡಾಗಿ ಕತ್ತರಿಸಿದರೆ? ಹುಚ್ಚು ಅಂತೀವಿ. 1895 ಕೂಡ ಆ ಡಬ್ಬಿಯ ಬದುಕೇ. ನಮ್ಮಲ್ಲೂ ಹಾಗೇ. ಹಳೇ ಬಣ್ಣದ ಪದರಗಳು, ಆಮೇಲೆ ಕೂಡಿಸಿದ ಫ್ಯಾನು, ದೀಪ, ಬದಲಾದ ಬೀಗ, ಒಂದೊಂದೂ ಒಂದೊಂದು ಕಾಲದ ಸಹಿ. ಎಲ್ಲಾ ಕೆರೆದು ಹೊಸ ಪಾಲಿಶ್ ಹೊಡೆದರೆ ಆ ಸಹಿಗಳೆಲ್ಲ ಒಂದೇ ದಿನದಲ್ಲಿ ಮಾಯ.

ನಾವು ಸಾಫ್ಟ್‌ವೇರಿನವರು ಹಳೇ ಕೋಡಿನಲ್ಲಿ ಒಂದು ಸಾಲು ತಿದ್ದಿದರೂ ಯಾರು, ಯಾವತ್ತು, ಯಾಕೆ ಅಂತ ದಾಖಲೆ ಇಟ್ಟೇ ಇಡ್ತೀವಿ. ಬೇಡ ಅನಿಸಿದರೆ ಹಿಂದಕ್ಕೆ ಹೋಗೋಕೆ ಬರಬೇಕು. ಎರಡು ವರ್ಷ ಬಾಳದ ಪ್ರೋಗ್ರಾಮಿಗೆ ಇಷ್ಟು ಜೋಪಾನ, ನೂರಿಪ್ಪತ್ತು ವರ್ಷ ದಾಟಿದ ಡಬ್ಬಿಗೆ ಬೇಡವೇ?

*

"ಹಂಗಾರ ಅವನ್ನ ಮತ್ತ ಓಡಿಸಿದ್ರ ಹೆಂಗ?" ಅಂತ ಗೆಳೆಯನೊಬ್ಬ ಕೇಳಿದ. ಟಿಕೆಟ್ಟಿನ ದುಡ್ಡಿನಲ್ಲೇ ದುರಸ್ತಿಯೂ ಆಗುತ್ತಲ್ಲ ಅನ್ನೋದು ಅವನ ಲೆಕ್ಕ. ಆ ಪ್ರಯೋಗ ಆಗಿದೆ. 1982ರ ಜನವರಿ 26ರಂದು ರಾಜಸ್ಥಾನದಲ್ಲಿ ಪ್ಯಾಲೇಸ್ ಆನ್ ವೀಲ್ಸ್ ಶುರುವಾದಾಗ ಅದರಲ್ಲಿದ್ದದ್ದು ಸಂಸ್ಥಾನಿಕರ ಅಸಲಿ ಡಬ್ಬಿಗಳು. ಆದರೆ ಹತ್ತು ವರ್ಷದೊಳಗೇ, 1991ರಲ್ಲಿ, ಅವುಗಳ ಜಾಗಕ್ಕೆ ಹಳೇ ಮಾದರಿಯ ಹೊಸ ಡಬ್ಬಿಗಳು ಬಂದವು. ಆಮೇಲೆ ಮೀಟರ್ ಗೇಜೂ ಹೋಗಿ, 1995ರಲ್ಲಿ ಬ್ರಾಡ್ ಗೇಜಿಗೆ ಮತ್ತೊಂದು ಹೊಸ ರೈಲು. ನಮ್ಮ ಗೋಲ್ಡನ್ ಚಾರಿಯಟ್ 2008ರಲ್ಲಿ ಹೊರಟಾಗ ಮೊದಲಿಂದಲೇ ಹೊಸ ಡಬ್ಬಿಗಳು. ಕದಂಬ, ಹೊಯ್ಸಳ, ರಾಷ್ಟ್ರಕೂಟ ಅಂತ ಹೆಸರು ಮಾತ್ರ ರಾಜರದ್ದು. ನನಗೆ ಅದೇ ಸರಿ ಅನಿಸುತ್ತೆ. ಓಡೋಕೆ ಹೊಸದಿರಲಿ, ಏಸಿ ಹಾಕಲಿ, ಬೇಕಾದ್ದು ಮಾಡಲಿ. ಅಸಲಿ ಡಬ್ಬಿ ನೆರಳಿನಲ್ಲಿ ನಿಂತಿರಲಿ. ಹಳೇ ತೇಗದ ಅಸ್ಥಿಪಂಜರವನ್ನು ಇವತ್ತಿನ ವೇಗದಲ್ಲಿ ಎಳೆದರೆ ಡಬ್ಬಿಗೂ ಅಪಾಯ, ಕೂತವರಿಗೂ ಅಪಾಯ. ಅಂದ ಹಾಗೆ ಮೀಟರ್ ಗೇಜಿನ ಹಳಿಗಳ ನಡುವೆ 1000 ಮಿ.ಮೀ. ಬ್ರಾಡ್ ಗೇಜಿನಲ್ಲಿ 1676. ಗುಡಗೇರಿಯಲ್ಲೂ 1990ರ ದಶಕದಲ್ಲಿ ಹಳಿ ಅಗಲವಾಯ್ತು. ಹಳೇ ಮೀಟರ್ ಗೇಜ್ ಡಬ್ಬಿಗೆ ಈಗ ಓಡೋಕೆ ಹಾದಿಯೇ ಇಲ್ಲ.

"ರಾಜರ ಶೋಕಿಗೆ ನಮ್ಮ ತೆರಿಗೆ ದುಡ್ಡು ಯಾಕೆ?" ಅನ್ನೋ ಗೆಳೆಯರೂ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಮ್ಮೂರಿನಂಥ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ಕಾದು ಕೂತವರಿಗೆ ಸಲೂನಿನ ಮಾತು ಉರಿ ತರಿಸಬಹುದು. ಆದರೆ ಆ ಡಬ್ಬಿಯ ಪ್ರತಿ ಇಂಚನ್ನು ಮಾಡಿದ್ದು ರಾಜರಲ್ಲ. ಬಡಿಗರು, ಕಮ್ಮಾರರು, ಬಣ್ಣದವರು, ಗಾದಿ ಹೊಲಿದವರು. ಅದನ್ನು ಸೌದೆ ಮಾಡಿದರೆ ರಾಜರಿಗೇನೂ ನಷ್ಟ ಇಲ್ಲ, ಕಳೆದುಹೋಗೋದು ಈ ಕೆಲಸಗಾರರ ಕೈಗುರುತು. ಬೇಲೂರನ್ನು ನಾವು ವಿಷ್ಣುವರ್ಧನನ ದೊಡ್ಡಸ್ತಿಕೆಗೆ ಮಾತ್ರ ನೋಡ್ತೀವಾ? ಅಲ್ಲಿ ಎಷ್ಟೋ ವಿಗ್ರಹಗಳ ಕೆಳಗೆ ರೂವಾರಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಸಲೂನು ಕಟ್ಟಿದವರಿಗೆ ಆ ಭಾಗ್ಯವೂ ಸಿಗಲಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಕೋರಿಕೆ ಮೂರೇ.

ಒಂದು, ಯಾವುದೇ ಹಳೇ ಡಬ್ಬಿಗೆ ಕೈ ಹಾಕುವ ಮುಂಚೆ ಪೂರ್ತಿ ಫೋಟೋ, ಅಳತೆ, ಬಣ್ಣದ ಪದರಗಳ ದಾಖಲೆ ಆಗಲಿ. ಆಮೇಲೆ ಡಬ್ಬಿಯ ಪಕ್ಕದಲ್ಲೇ ಕನ್ನಡದಲ್ಲಿ ಒಂದು ಫಲಕ: ಇದರಲ್ಲಿ ಮೂಲದ್ದು ಯಾವುದು, ಬದಲಾಯಿಸಿದ್ದು ಯಾವುದು, ಯಾವ ವರ್ಷ. ಮುಚ್ಚುಮರೆ ಬೇಡ.

ಎರಡು, ಸಲೂನಿನ ಪಕ್ಕ ಒಂದು ಸಾಮಾನ್ಯರ ಡಬ್ಬಿ ಇರಲಿ. ಕಟ್ಟಿಗೆಯದು ಸಿಗದಿದ್ದರೆ ಹಳೇ ಮೀಟರ್ ಗೇಜಿನ ಎರಡನೇ ದರ್ಜೆಯದ್ದಾದರೂ ಸರಿ, ಹಲಗೆ ಸೀಟಿನ ಸಮೇತ. ಹುಬ್ಬಳ್ಳಿಯಲ್ಲೂ 2020ರಿಂದ ರೈಲು ಮ್ಯೂಸಿಯಂ ಇದೆ, ಉತ್ತರ ಕರ್ನಾಟಕಕ್ಕೆ ಇದೇ ಮೊದಲನೆಯದು. ಬರದ ಹಾದಿಯ ಕಥೆ, ಸಂತೆಗೆ ಮೆಣಸಿನಕಾಯಿ ಚೀಲ ಹೊತ್ತು ಹೋದವರ ಕಥೆ ಹೇಳೋಕೆ ಅದಕ್ಕಿಂತ ಒಳ್ಳೇ ಜಾಗ ಯಾವುದು?

ಮೂರು, ಮತ್ತು ಎಲ್ಲಕ್ಕಿಂತ ಅವಸರದ್ದು. ಹುಬ್ಬಳ್ಳಿ ವರ್ಕ್‌ಶಾಪು, 1924ರಿಂದ ಇರುವ ಮೈಸೂರಿನ ವರ್ಕ್‌ಶಾಪು, ಇವುಗಳ ಹಳೇ ಬಡಿಗರನ್ನು ಕೂರಿಸಿ, ಅವರು ಮಾತಾಡ್ತಾ ಕೈಯಾಡಿಸಿ ತೋರಿಸೋದನ್ನು ವಿಡಿಯೋ ಮಾಡಿ, ಬರೆದು ಇಡಬೇಕು. ಸಾಧ್ಯವಾದರೆ ಐಟಿಐ ಹುಡುಗರನ್ನು ಅವರ ಪಕ್ಕ ಕೂರಿಸಬೇಕು. ಸಲೂನು ಇನ್ನೂ ಐವತ್ತು ವರ್ಷ ಕಾಯಬಹುದು. ಆ ಅಜ್ಜಂದಿರು ಕಾಯೋದಿಲ್ಲ.

ಮೊದಲ ಎರಡು ಕೆಲಸ ರೈಲ್ವೆಯವರದ್ದು, ಮ್ಯೂಸಿಯಂನವರದ್ದು. ಮೂರನೆಯದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಬ್ಲಾಗಿಗರೇ, ನಿಮ್ಮ ಮನೆಯಲ್ಲೋ, ಓಣಿಯಲ್ಲೋ ರೈಲ್ವೆಯಲ್ಲಿ ದುಡಿದ ಹಿರಿಯರು ಇದ್ದೇ ಇರ್ತಾರೆ. ಗ್ಯಾಂಗ್‌ಮ್ಯಾನ್, ಫಿಟ್ಟರ್, ಬಡಿಗ, ಪಾಯಿಂಟ್ಸ್‌ಮನ್, ಯಾರಾದರೂ ಸರಿ. ಒಂದು ಸಂಜೆ ಕೂತು ಕೇಳಿ, ಅವರ ಮಾತಿನಲ್ಲೇ ಬರೆದು ಹಾಕಿ. ನಾನು ನಮ್ಮ ಓಣಿಯ ಅಜ್ಜನಿಂದ ಶುರು ಮಾಡ್ತೀನಿ. ಈ ದೀಪಾವಳಿಗೆ ಊರಿಗೆ ಹೋದಾಗ ಮೊದಲ ಕಂತು: ಬಡಿದು ನೋಡಿ ಮರದ ರೋಗ ಹಿಡಿಯೋದು ಹೇಗೆ ಅಂತ.

ನೀವು ಯಾರಿಂದ ಶುರು ಮಾಡ್ತೀರಿ?